ಬಾಗಿಲಿಗೆ ಬಿದ್ದ ಬಿಳಿ ಸುತ್ತು

ಬೆಳಕು ಆಗಷ್ಟೇ ಹರಿಯುತ್ತಿತ್ತು. ಅವಳು ಒದ್ದೆ ಬಟ್ಟೆ ಹಿಡಿದು ಬಾಗಿಲು ಉಜ್ಜುತ್ತಿದ್ದಳು.

ಒಮ್ಮೆ ಉಜ್ಜಿದಳು. ಬಟ್ಟೆಯ ಮಗ್ಗುಲು ಬದಲಿಸಿ ಮತ್ತೆ ಉಜ್ಜಿದಳು. ಚೌಕಟ್ಟಿನ ಪಕ್ಕದಲ್ಲಿ ಎದೆಯೆತ್ತರಕ್ಕೆ ಯಾರೋ ಸೀಮೆಸುಣ್ಣದಲ್ಲಿ ಒಂದು ಬಿಳಿ ಸುತ್ತು ಹಾಕಿಟ್ಟಿದ್ದರು. ಮೇಲಿನದು ಹೋಯಿತು. ಮರದ ಗೀರುಗಳೊಳಗೆ ಕೂತಿದ್ದು ಮಾತ್ರ ಹೋಗಲೊಲ್ಲದು. ಉಗುರಿನಿಂದ ಕೆರೆದಳು.

ಬೀದಿ ಇನ್ನೂ ಎದ್ದಿರಲಿಲ್ಲ. ಬಟ್ಟೆಯ ಸರಸರ ಬಿಟ್ಟರೆ ಬೇರೆ ಸದ್ದಿಲ್ಲ.

"ಅದು... ನಾನು ಹಾಕಿದ್ದು."

ಬೆನ್ನ ಹಿಂದೆ ಗಂಡು ದನಿ! ಅವಳು ಥಟ್ಟನೆ ತಿರುಗಿದಳು.

ತೆಳ್ಳಗಿನ ಯುವಕ. ಹೆಗಲಿಗೆ ಬಟ್ಟೆಯ ಚೀಲ. ಶರ್ಟಿನ ಎದೆಗೆ ಇಸ್ತ್ರಿ ಇದೆ, ತೋಳಿಗೆ ಇಲ್ಲ. ತಾನೇ ಹಾಕಿಕೊಂಡಿದ್ದಾನೆ... ಮನೆಯಲ್ಲಿ ಹೆಂಗಸರಿಲ್ಲ. ಅಷ್ಟೆಲ್ಲ ಗಮನಿಸಿದ್ದಕ್ಕೆ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

"ಅಳಿಸಿಬಿಟ್ರಲ್ಲ!"

"ನಮ್ಮ ಬಾಗಿಲು."

"ನಾನು ಕೆಳಗಿನ ತಗಡಿನ ಶಾಲೆಗೆ ಹೊಸದಾಗಿ ಬಂದಿರೋ ಮೇಷ್ಟ್ರು. ಈ ಮನೇಲಿ ಶಾಲೆಗೆ ಹೋಗದೇ ಇರೋ ಮಗು ಇದೆ ಅಂತ..."

"ಯಾರು ಹೇಳಿದ್ದು?"

"ಯಾರೂ ಇಲ್ಲ. ನಿನ್ನೆ ಹಗ್ಗದ ಮೇಲೆ ಒಂದು ಪುಟ್ಟ ಲಂಗ ಒಣಗ್ತಾ ಇತ್ತು."

ಅಂದರೆ ಒಣಹಾಕಿದ ಬಟ್ಟೆಯನ್ನೂ ಬಿಡದೆ ನೋಡಿದ್ದಾನೆ!

"ಅದು ನಂದು," ಎಂದಳು.

ಅವನು ಹಗ್ಗದ ಕಡೆ ನೋಡಿದ. ಆಮೇಲೆ ಅವಳನ್ನು ನೋಡಿದ. ಆ ಲಂಗ ಅವಳ ಮೊಣಕಾಲಿಗೂ ಬರುವಂತಿರಲಿಲ್ಲ. ತುಟಿ ಕಚ್ಚಿ ನಗು ತಡೆದುಕೊಂಡ.

ಅಷ್ಟರಲ್ಲಿ ಒಳಗಿನಿಂದ, "ಆಕ್ಷೀ!"

"ಬೆಕ್ಕು," ಎಂದಳು ಅವಳು.

"ಬೆಕ್ಕಿಗೆ ನೆಗಡಿನಾ?"

"ಹೂಂ. ಬಾಗಿಲು ತೆಗೆದಿದ್ರೆ ಜಾಸ್ತಿ ಆಗುತ್ತೆ."

ಬಾಗಿಲು ಹಾಕಿಕೊಂಡಳು. ಅಗುಳಿಯನ್ನೂ ಹಾಕಿದಳು. ಬಿರುಕಿನಿಂದ ನೋಡಿದರೆ ಅವನಿನ್ನೂ ಅಲ್ಲೇ ನಿಂತು, ಈಗ ಬಾಯ್ತುಂಬ ನಗುತ್ತಿದ್ದ.

ಪರಿಚಯವಿಲ್ಲದ ಬಾಗಿಲ ಮುಂದೆ ಬೆಳಗ್ಗೆ ಬೆಳಗ್ಗೆ ನಗುವವರನ್ನು ನಂಬುವುದು ಹೇಗೆ?

*

ಕಡಿಮೆ ಮಾತಿನವಳಾದ್ದರಿಂದ ಅವಳನ್ನು ಎಲ್ಲರೂ ಗುಮ್ಮನಗುಸುಕಿ ಎಂದು ಛೇಡಿಸಿ, ಕೊನೆಗೆ ಗುಮ್ಮಿ ಎಂದೇ ಕರೆಯುತ್ತಿದ್ದರು. ತಂಗಿ ಅದಕ್ಕೆ ತದ್ವಿರುದ್ಧ. ಬಾಯಿ ತೆರೆದರೆ ಮುಚ್ಚುವವಳಲ್ಲ. ಅವಳು ಚೂಟಿ.

"ಅಕ್ಕ, ನಾನು ಬೆಕ್ಕಾ?" ಚೂಟಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಮೂಗು ಒರೆಸ್ಕೋ. ಕೆಲಸಕ್ಕೆ ಹೊತ್ತಾಯ್ತು."

"ಆ ಮೇಷ್ಟ್ರು ಒಳ್ಳೆಯವರು ಅಕ್ಕ. ನಿನ್ನೆ ನನಗೆ ಬಿಸ್ಕತ್ತು..."

"ತಗೊಂಡ್ಯಾ?!"

ಚೂಟಿ ಬಾಯಿ ಮುಚ್ಚಿಕೊಂಡಳು. ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಅಮ್ಮ ಕೆಮ್ಮುತ್ತಲೇ ನಕ್ಕಳು. ಲಾಂಡ್ರಿಯ ಆವಿ ಕುಡಿದು ಕುಡಿದು ಅಮ್ಮನ ಎದೆ ಕಟ್ಟಿಹೋಗಿತ್ತು. ಅವಳು ಬಿಟ್ಟ ಜಾಗಕ್ಕೆ ಗುಮ್ಮಿ ಸೇರಿದ್ದಳು. ಗುಮ್ಮಿಯ ಜೊತೆಗೆ ಈಗ ಚೂಟಿಯೂ ಹೋಗುತ್ತಿದ್ದಳು, ದಿಂಬಿನ ಚೀಲ ಮಡಿಸಲು.

ಬಾಗಿಲ ಸುತ್ತಿನ ವಿಷಯ ಅಮ್ಮನಿಗೆ ಹೇಳಲು ಗುಮ್ಮಿಗೆ ಬಾಯಿ ಬರಲಿಲ್ಲ.

ಹಿಂದೆ ಅವರು ಇನ್ನೊಂದು ಕಡೆ ಇದ್ದರು. ಅಲ್ಲಿಯೂ ಒಂದು ದಿನ ಹೀಗೇ ಸೀಮೆಸುಣ್ಣ ಹಿಡಿದ ಜನ ಬಂದಿದ್ದರು. ನಗುನಗುತ್ತಲೇ ಮಾತಾಡಿಸಿದ್ದರು. ಬಾಗಿಲಿಗೆ ಬಿಳಿ ಸುತ್ತು ಹಾಕಿ ಹೋಗಿದ್ದರು. ಸುತ್ತು ಬಿದ್ದ ಮನೆಗಳ ಮೇಲೆ ಆಮೇಲೆ ಯಂತ್ರ ಹರಿಯಿತು. ಪಾತ್ರೆ ತೆಗೆದುಕೊಳ್ಳಲೂ ಬಿಡಲಿಲ್ಲ.

ಗುಮ್ಮಿ ಆಗ ನಾಲ್ಕನೇ ಕ್ಲಾಸು. ಹೊಸ ಕಡೆ ಶಾಲೆಗೆ ಹೋದರೆ, "ವಿಳಾಸ ಎಲ್ಲಿ? ವಿಳಾಸ ಇಲ್ಲದೆ ಸೇರಿಸಿಕೊಳ್ಳೋದು ಹೇಗಮ್ಮ?" ಎಂದರು. ಮನೆಯೇ ಇಲ್ಲದವರಿಗೆ ವಿಳಾಸ ಎಲ್ಲಿಂದ ಬರಬೇಕು? ಅಲ್ಲಿಗೆ ಓದು ಮುಗಿಯಿತು.

ಈಗ ಮತ್ತೆ ಅದೇ ಸುತ್ತು. ಅದೇ ನಗು.

'ಈ ಸಲ ಮನೆ ಹೋದರೂ ಹೋಗಲಿ... ಚೂಟಿ ಮೇಲೆ ಕಣ್ಣು ಹಾಕಿದರೆ?'

ದುಡಿಯುವ ಮಕ್ಕಳನ್ನು ಹಿಡಿದು ದೂರದ ಯಾವುದೋ ಹಾಸ್ಟೆಲಿಗೆ ಸಾಗಿಸುತ್ತಾರೆ, ಅಲ್ಲಿಂದ ಮನೆಗೆ ಬಿಡುವುದೇ ಇಲ್ಲ ಎಂದು ಬೀದಿಯಲ್ಲಿ ಮಾತಿತ್ತು. ಅವಳು ತಂಗಿಯ ಕೈಯನ್ನು ಎಂದಿಗಿಂತ ಗಟ್ಟಿಯಾಗಿ ಹಿಡಿದು ನಡೆದಳು.

*

ಲಾಂಡ್ರಿಯಲ್ಲಿ ಅದೇ ಮಾತು.

ಆಸ್ಪತ್ರೆಯ ಮಂಚದ ಹಾಸುಗಳು ಬೆಟ್ಟದಂತೆ ಬಿದ್ದಿದ್ದವು. ಹಂಡೆಗಳಲ್ಲಿ ಸೋಡಾ ನೀರು ಕುದಿಯುತ್ತಿತ್ತು. ಒಗೆದು ಬಂದ ಹಾಸನ್ನು ಇಬ್ಬರು ಎದುರುಬದುರು ಹಿಡಿದು ಬೆಳಕಿಗೆ ಚಾಚುತ್ತಾರೆ. ಎಲ್ಲಾದರೂ ಕಲೆ ಉಳಿದಿದ್ದರೆ ನೀಲಿ ಬಳಪದಿಂದ ಸುತ್ತು ಹಾಕಿ ಮತ್ತೆ ಹಂಡೆಗೆ ಎಸೆಯುತ್ತಾರೆ. ಗುಮ್ಮಿಯ ಕೆಲಸ ಅದೇ. ಅವಳ ಕಣ್ಣು ತಪ್ಪಿಸಿ ಒಂದು ಚುಕ್ಕೆಯೂ ಹೋಗುತ್ತಿರಲಿಲ್ಲ.

"ನಿಮ್ಮ ಬಾಗಿಲಿಗೂ ಬಿತ್ತೇನೇ?" ಹಾಸಿನ ಆಚೆ ತುದಿ ಹಿಡಿದ ದೊಡ್ಡಕ್ಕ ಕೇಳಿದಳು. ಯಾರ ಅಕ್ಕನೂ ಅಲ್ಲ, ಎಲ್ಲರ ದೊಡ್ಡಕ್ಕ. ಹಂಡೆ ಮನೆಗೆಲ್ಲ ಅವಳದೇ ಯಜಮಾನಿಕೆ.

"ಹೂಂ."

"ನಮ್ಮದಕ್ಕೂ. ನಮ್ಮನೇನು ಕಲೆ ಅಂದುಕೊಂಡಿದಾನಾ, ಸುತ್ತು ಹಾಕೋಕೆ? ಮತ್ತೆ ಒಗೀತಾನಂತಾ?"

ಹೆಂಗಸರೆಲ್ಲ ಗೊಳ್ಳೆಂದರು. ನಗು ಬೇಗ ಆರಿತು.

"ಮೇಷ್ಟ್ರು ಅಂತ ಹೇಳ್ಕೋತಾನೆ. ಮೇಷ್ಟ್ರಾದವರು ಶಾಲೇಲಿ ಕೂರಬೇಕು. ಬೀದಿ ಬೀದಿ ಅಲೆದು ಸೂರು ನೋಡೋದು ಯಾವ ಪಾಠ?" ದೊಡ್ಡಕ್ಕ ದನಿ ತಗ್ಗಿಸಿದಳು. "ನೋಡು ಗುಮ್ಮಿ, ನೀನು ಎಲ್ಲಿ ನಿಂತರೂ ಯಾರಿಗೂ ಗೊತ್ತಾಗಲ್ಲ. ಅವನ ಮೇಲೆ ಒಂದು ಕಣ್ಣಿಡು."

"ನಾನಾ?"

"ಇನ್ಯಾರು? ನಾನು ಹೋದರೆ ನನ್ನ ಕೆಮ್ಮು ಕೇಳಿ ಮೂರು ಬೀದಿ ಏಳುತ್ತೆ!"

ಅಂದೇ ಸಂಜೆ ಗುಮ್ಮಿ ಅವನ ಹಿಂದೆ ಬಿದ್ದಳು.

ಅವನು ಪ್ರತಿ ಮನೆಯ ಸೂರಿನ ಕಡೆ ತಲೆಯೆತ್ತುತ್ತಿದ್ದ. ಯಾಕೆ? ಮಕ್ಕಳಾಡುವಲ್ಲಿ ನಿಲ್ಲುತ್ತಿದ್ದ. ಯಾಕೆ? ಕೊನೆಗೆ ತಗಡಿನ ಶಾಲೆಗೆ ಹೋಗಿ ಬಾಗಿಲು, ಕಿಟಕಿ ಎಲ್ಲ ತೆರೆದಿಟ್ಟ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವನ ದೊಡ್ಡ ದನಿ ಕೇಳಿಸಿತು.

'ಯಾರ ಜೊತೆ ಮಾತಾಡುತ್ತಿದ್ದಾನೆ? ಒಳಗೆ ಎಷ್ಟು ಜನ ಇದ್ದಾರೆ?'

ಗೋಡೆಗೆ ಅಂಟಿಕೊಂಡು ಕಿಟಕಿಯಿಂದ ಇಣುಕಿದಳು.

ಒಳಗೆ ಯಾರೂ ಇರಲಿಲ್ಲ! ಸಾಲಾಗಿ ಖಾಲಿ ಬೆಂಚುಗಳು. ಅವುಗಳ ಮುಂದೆ ಅವನು ಕೈಕಾಲು ಆಡಿಸುತ್ತ ಕತೆ ಹೇಳುತ್ತಿದ್ದ. ನರಿಯೊಂದು ಬಾವಿಗೆ ಬಿದ್ದಿದೆ. ಮೇಲೆ ನಾಯಿಗಳು ಕಾಯುತ್ತಿವೆ. ನರಿ ತಲೆಯೆತ್ತಿ ನೋಡುತ್ತದೆ. ಇನ್ನೇನು ಹಗ್ಗ ಸಿಗಬೇಕು...

ಗುಮ್ಮಿ ಉಸಿರು ಬಿಗಿಹಿಡಿದಳು.

"...ಮುಂದಿನದು ಒಳಗೆ ಬಂದು ಕೂತವರಿಗೆ ಮಾತ್ರ," ಎಂದ ಅವನು. ಕಿಟಕಿಯ ಕಡೆ ತಿರುಗಲೂ ಇಲ್ಲ.

ಅವಳು ಓಡಿದಳು! ಮನೆ ಮುಟ್ಟುವವರೆಗೂ ನಿಲ್ಲಲಿಲ್ಲ.

'ಬಲೆ. ಇದೂ ಒಂದು ಬಲೆ. ಕತೆಯ ಬಾಲ ಕತ್ತರಿಸಿ ಇಟ್ಟುಕೊಂಡು ಜನರನ್ನು ಒಳಗೆ ಎಳೆಯುವ ಬಲೆ.'

ಆದರೂ ಅನ್ನ ಬಡಿಸುವಾಗ, ಹಾಸಿಗೆ ಹಾಸುವಾಗ, ಅವಳ ತಲೆಯಲ್ಲಿ ಒಂದೇ ಪ್ರಶ್ನೆ. ಆ ನರಿ ಹೊರಗೆ ಬಂತಾ ಇಲ್ಲವಾ?

*

ಮರುದಿನ ಅವಳು ಕಂಡದ್ದು ಬೇರೆ.

ಲಾಂಡ್ರಿಯ ಎದುರಿಗೇ ಅದರ ಧಣಿಯ ಮನೆ. ದೊಡ್ಡ ಕಬ್ಬಿಣದ ಗೇಟು. ಆ ಗೇಟಿನೊಳಗೆ ಕಟ್ಟೆಯ ಮೇಲೆ ಧಣಿ ಕೂತಿದ್ದರು. ಅವರ ಪಕ್ಕದಲ್ಲಿ ಚಹಾ ಲೋಟ ಹಿಡಿದು ಮೇಷ್ಟ್ರು!

ಅವಳಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ದುಃಖ. 'ಛೆ! ನನಗೇಕೆ ದುಃಖ? ಮೊದಲೇ ಗೊತ್ತಿತ್ತಲ್ಲ...'

ಸುದ್ದಿ ಕೇಳಿ ದೊಡ್ಡಕ್ಕ ತೊಡೆ ತಟ್ಟಿದಳು.

"ಹೇಳಲಿಲ್ವಾ! ಧಣಿ ಕಡೆಯವನೇ. ಯಾರ ಮನೆ ಕೆಡವಬೇಕು, ಯಾರ ಮಕ್ಕಳನ್ನ ಸಾಗಿಸಬೇಕು, ಎಲ್ಲ ಅಲ್ಲೇ ಮಾತಾಗ್ತಿದೆ."

"ಈಗೇನು ಮಾಡೋದು ದೊಡ್ಡಕ್ಕ?"

ದೊಡ್ಡಕ್ಕ ಹಾಸು ಕೊಡವಿ ಯೋಚಿಸಿದಳು. ಅವಳ ಕಣ್ಣು ಮಿಂಚಿತು.

"ಅಳಿಸಿದರೆ ಮತ್ತೆ ಹಾಕ್ತಾನೆ. ಅಳಿಸೋದು ಬೇಡ. ಎಲ್ಲಾ ಬಾಗಿಲಿಗೂ ಹಾಕಿಬಿಡು! ಬೀದಿಗೆ ಬೀದಿಯೇ ಸುತ್ತಾದರೆ ಯಾವುದನ್ನ ಅಂತ ಕೆಡವ್ತಾರೆ?"

"ಧಣಿ ಗೇಟಿಗೂ?"

"ಅದಕ್ಕೆ ಎರಡು ಹಾಕು!"

ಹೀಗೆ ಆ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಸೆರಗಿನಲ್ಲಿ ಲಾಂಡ್ರಿಯ ನೀಲಿ ಬಳಪ ಮುಚ್ಚಿಕೊಂಡು ಗುಮ್ಮಿ ಬೀದಿಯುದ್ದಕ್ಕೂ ನಡೆದಳು. ಚಕ್ಕಲಿ ಸುತ್ತಿದಂತೆ ಸುತ್ತಿದಳು. ಸೈಕಲ್ ಅಂಗಡಿಗೆ, ಹಿಟ್ಟಿನ ಗಿರಣಿಗೆ, ಬೀಗ ಹಾಕಿದ ಮನೆಗೆ, ಮಕ್ಕಳೇ ಇಲ್ಲದ ಮುದುಕನ ಮನೆಗೆ. ಧಣಿಯ ಗೇಟಿಗೆ ಎರಡು.

*

ಬೆಳಗ್ಗೆ ಬೀದಿಯಲ್ಲಿ ಗದ್ದಲ.

ಮೇಷ್ಟ್ರು ಮನೆಯಿಂದ ಮನೆಗೆ ಓಡುತ್ತಿದ್ದ. ಮಕ್ಕಳಿಲ್ಲದ ಮುದುಕ, "ನನ್ನನ್ನೇ ಸೇರಿಸ್ಕೋತೀಯೇನಪ್ಪ?" ಎಂದು ರೇಗುತ್ತಿದ್ದ. ಗಿರಣಿಯವನು ಕೈ ಮುಗಿದು ಕಳಿಸಿದ. ಆದರೂ ಮೇಷ್ಟ್ರ ಮುಖ ಬಾಡಲಿಲ್ಲ. ಗುಮ್ಮಿಯನ್ನು ಕಂಡವನೇ ಏದುಸಿರು ಬಿಡುತ್ತ ಹತ್ತಿರ ಬಂದ.

"ನೋಡಿದ್ರಾ? ನೋಡಿದ್ರಾ ನೀವು? ನಾನು ಹಾಕಿದ್ದು ಬಿಳಿ. ಇದು ನೀಲಿ! ಜನರೇ ಹಾಕಿಕೊಂಡಿದಾರೆ ಕಣ್ರೀ... ನಮ್ಮನೆಗೂ ಬನ್ನಿ ಅಂತ ನನ್ನ ಕರೆದಿದಾರೆ!"

ಅವಳು ಬೆಚ್ಚಿ ಅವನ ಮುಖ ನೋಡಿದಳು.

'ನಾಟಕವಾ? ಇಷ್ಟು ದಡ್ಡರು ಇರ್ತಾರಾ?'

"ಧಣಿ ಮನೆಗೂ ಹಾಕಿದಾರೆ, ಎರಡು! ಅಲ್ಲಿನ ತೋಟದ ಆಳುಗಳ ಮಕ್ಕಳಿರಬೇಕು. ನಿನ್ನೆ ಶಾಲೆಗೆ ನೀರು ಕೊಡಿ ಅಂತ ಕೇಳೋಕೆ ಹೋಗಿದ್ದೆ, ಚಹಾ ಕುಡಿಸಿ 'ನೋಡೋಣ' ಅಂತ ಕಳಿಸಿದ್ರು. ಇವತ್ತು ಅವರೇ ಕರೀತಿದಾರೆ!"

"ನೀರಿಗಾ... ನೀವು ಹೋಗಿದ್ದು?"

"ಮತ್ತೆ? ಬಾಯಾರಿದ ಮಕ್ಕಳು ಶಾಲೇಲಿ ನಿಲ್ತಾರಾ?"

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬೆರಳ ತುದಿಗಳು ಇನ್ನೂ ನೀಲಿಯಾಗಿದ್ದವು. ಅವನ ನೋಟ ಒಂದು ಗಳಿಗೆ ಅಲ್ಲಿಗೆ ಹೋಗಿ ಬಂತು. ಅವನ ನಗು ನಿಧಾನವಾಗಿ ಆರಿತು. ಅಲ್ಲಿನ ಎರಡು ಸುತ್ತು ಅಳಿಸಲು ಗೇಟಿನ ಕಡೆಗೆ ತಿರುಗಿದ.

'ಹೋಗಬೇಡಿ ಅನ್ನು... ಹೇಳು!' ಎಂದಿತು ಅವಳ ಮನಸ್ಸು. ಅವಳು ಒಂದು ಹೆಜ್ಜೆ ಮುಂದಿಟ್ಟು ನಿಂತಳು.

ಅಷ್ಟರಲ್ಲಿ ಗೇಟು ತಾನೇ ತೆರೆಯಿತು. ಸುತ್ತು ಕಂಡಿದ್ದ ಧಣಿ ಕೆಂಡವಾಗಿದ್ದರು.

"ನನ್ನ ಮನೇಲಿ ಓದು ಬಿಟ್ಟವರಿದ್ದಾರಾ? ನನ್ನ ಮಗ ಎಲ್ಲಿ ಓದ್ತಿದಾನೆ ಗೊತ್ತಾ ನಿನಗೆ? ನಿನ್ನ ಮೇಲಿನವರನ್ನೇ ಕರೆಸ್ತೀನಿ, ತಡಿ!"

*

ಕರೆಸಿಯೂ ಬಿಟ್ಟರು. ಶಿಕ್ಷಣ ಇಲಾಖೆಯ ಸಾಹೇಬರು ವಿಚಾರಣೆಗೆ ಬರುತ್ತಾರೆ, ಲಾಂಡ್ರಿಯಲ್ಲೇ ಕೂರುತ್ತಾರೆ ಎಂದು ಸುದ್ದಿ ಬಂತು.

ಅವರು ಬರುವ ದಿನ ಧಣಿಗೆ ಹೊಳೆದದ್ದು ಇನ್ನೊಂದು. ಲಾಂಡ್ರಿಯೊಳಗೆ ದುಡಿಯುವ ಮಕ್ಕಳಿದ್ದಾರೆ!

"ಮಕ್ಕಳನ್ನೆಲ್ಲ ಒಣಗಿಸೋ ಕೋಣೆಗೆ ಹಾಕಿ. ಚಿಲಕ ಹಾಕಿ. ಉಸಿರೆತ್ತಬಾರದು!"

ಒಣಗಿಸುವ ಕೋಣೆಗೆ ಕಿಟಕಿ ಇಲ್ಲ. ಗೋಡೆಯುದ್ದಕ್ಕೂ ಆವಿಯ ಕೊಳವೆಗಳು. ಆಗ ಅವು ತಣ್ಣಗಿದ್ದವು. ಚೂಟಿ ಕಣ್ಣಾಮುಚ್ಚಾಲೆ ಎಂದುಕೊಂಡು ಎಲ್ಲರಿಗಿಂತ ಮೊದಲು ಓಡಿದಳು.

"ಅಕ್ಕ, ಎಷ್ಟು ಹೊತ್ತು?"

"ಸುಮ್ನಿರು. ಈಗ ತೆಗೀತೀನಿ," ಎಂದಳು ಗುಮ್ಮಿ. ಇದೂ ಒಳ್ಳೆಯದೇ ಎನಿಸಿತು ಅವಳಿಗೆ. ಸಾಹೇಬರ ಕಣ್ಣಿಗೂ ಬೀಳುವುದಿಲ್ಲ, ಮೇಷ್ಟ್ರ ಕಣ್ಣಿಗೂ ಬೀಳುವುದಿಲ್ಲ.

ಸಾಹೇಬರು ಬಂದರು. ಕುರ್ಚಿ ಹಾಕಿಸಿಕೊಂಡು ಕೂತರು. ಮೇಷ್ಟ್ರು ಎದುರಿಗೆ ಅಪರಾಧಿಯಂತೆ ನಿಂತ. ಹೆಂಗಸರು ಕೆಲಸ ಮಾಡುವಂತೆ ನಟಿಸುತ್ತ ಕಿವಿ ನೆಟ್ಟರು.

"ಏನ್ರೀ ಇದು? ಪಾಠ ಮಾಡ್ರಿ ಅಂದರೆ ಗಣ್ಯರ ಗೇಟಿಗೆಲ್ಲ ಗೀಚ್ತೀರಂತೆ. ಈ ನೀಲಿ ಗುರುತೆಲ್ಲ ನೀವೇ ಹಾಕಿದ್ದಾ?"

ಗುಮ್ಮಿ ಕೈಯಲ್ಲಿದ್ದ ಹಾಸನ್ನು ಮುಖದವರೆಗೆ ಎತ್ತಿಹಿಡಿದಳು. 'ಹೇಳಿಬಿಡ್ತಾನೆ. ನನ್ನ ಕಡೆ ಬೆರಳು ತೋರಿಸ್ತಾನೆ. ಯಾರು ತಾನೇ ತೋರಿಸಲ್ಲ?'

ಅವನು ಅವಳ ಕಡೆ ನೋಡಲೇ ಇಲ್ಲ.

"ಹೌದು ಸಾರ್. ನಾನೇ."

"ಯಾಕೆ?"

"ಉತ್ಸಾಹ ಜಾಸ್ತಿಯಾಯ್ತು ಸಾರ್. ತಪ್ಪಾಯ್ತು."

"ಮಕ್ಕಳೇ ಬರದ ಶಾಲೆ. ಅದಕ್ಕೆ ಇಷ್ಟು ಉತ್ಸಾಹ ಬೇರೆ! ಮುಚ್ಚಿಬಿಡೋಣ. ನಿಮ್ಮನ್ನ ಇನ್ನೆಲ್ಲಾದರೂ ಕಳಿಸ್ತೀನಿ."

ಅವನು ತಲೆ ತಗ್ಗಿಸಿದ. ಇಸ್ತ್ರಿ ಇಲ್ಲದ ಆ ತೋಳು ಇವತ್ತೂ ಸುಕ್ಕಾಗಿಯೇ ಇತ್ತು. ಗುಮ್ಮಿಯ ಕಣ್ಣಿಗೆ ಅದೊಂದೇ ಕಾಣುತ್ತಿತ್ತು.

'ಯಾಕೆ ಸುಳ್ಳು ಹೇಳಿದ? ಇದರಲ್ಲಿ ಇವನಿಗೇನು ಲಾಭ?' ಹುಡುಕಿದಳು. ಎಷ್ಟು ತಡಕಿದರೂ ಲಾಭ ಸಿಗಲಿಲ್ಲ.

ಆಗ ಕೇಳಿಸಿತು.

ಟಿಕ್... ಟಿಕ್... ಟಿಕ್...

ಆ ಸದ್ದು ಅವಳಿಗೆ ಗೊತ್ತು. ತಣ್ಣಗಿನ ಕೊಳವೆಗೆ ಬಿಸಿ ಆವಿ ಹೊಕ್ಕರೆ ಕಬ್ಬಿಣ ಹಾಗೆ ಸದ್ದು ಮಾಡುತ್ತದೆ. ವಿಷಯ ತಿಳಿಯದ ಬಾಯ್ಲರ್‌ನವನು ಆಸ್ಪತ್ರೆಯ ಹಾಸುಗಳನ್ನು ಕಳಿಸಲು ಹೊತ್ತಾಯಿತೆಂದು ಒಣಗಿಸುವ ಕೋಣೆಗೆ ಆವಿ ಬಿಟ್ಟಿದ್ದ!

ಗುಮ್ಮಿ ಧಣಿಯ ಕಡೆ ನೋಡಿದಳು. ಅವರಿಗೂ ಕೇಳಿಸಿತ್ತು. ಬಾಯ್ಲರ್ ಕಡೆ ಒಮ್ಮೆ ನೋಡಿ, ಸಾಹೇಬರ ಕಡೆ ನೋಡಿ, ಅವರು ಕಣ್ಣಲ್ಲೇ ಗದರಿದರು. ಸುಮ್ಮನಿರು!

ಒಳಗಿನಿಂದ ಬಾಗಿಲು ಬಡಿದ ಸದ್ದು. ತೀರ ಮೆಲ್ಲಗೆ. ಉಸಿರೆತ್ತಬಾರದೆಂದು ಹೇಳಿದ್ದರಲ್ಲ, ಪಾಪ, ಮಕ್ಕಳು ಹೆದರುತ್ತಲೇ ಬಡಿಯುತ್ತಿದ್ದರು.

ಇಷ್ಟು ವರ್ಷ ಆ ಲಾಂಡ್ರಿಯಲ್ಲಿ ಯಾರೂ ಕೇಳಿರದ ಸ್ವರವೊಂದು ಎದ್ದಿತು.

"ಮೇಷ್ಟ್ರೇ!"

ಎಲ್ಲರೂ ತಿರುಗಿದರು.

"ಮೇಷ್ಟ್ರೇ, ನನ್ನ ತಂಗಿ ಒಳಗಿದಾಳೆ! ಮಕ್ಕಳೆಲ್ಲ ಒಳಗಿದಾರೆ! ಆವಿ ಬಿಟ್ಟಿದಾರೆ!"

ಸಾಹೇಬರಿದ್ದರು, ಧಣಿ ಇದ್ದರು, ದೊಡ್ಡಕ್ಕ ಇದ್ದಳು. ಅವಳ ಬಾಯಿಗೆ ಬಂದದ್ದು ಅವನೊಬ್ಬನೇ.

ಅವನು ಓಡಿದ. ಆವಿಯ ಕೊಳವೆಗೆ ತಾಗಿದ್ದ ಕಬ್ಬಿಣದ ಚಿಲಕ ಕಾದುಹೋಗಿತ್ತು. ಬರಿಗೈಯಲ್ಲಿ ಹಿಡಿದು ಎಳೆದ. ಚುರ್ರೆಂದಿತು. ಬಿಡಲಿಲ್ಲ. ಬಾಗಿಲು ತೆರೆಯಿತು.

ಬಿಸಿ ಗಾಳಿಯ ಜೊತೆ ಮಕ್ಕಳು ಉರುಳಿಕೊಂಡು ಬಂದರು. ಕೆಂಪಾದ ಮುಖಗಳು, ಬೆವರಿಗೆ ಅಂಟಿದ ಕೂದಲು. ಕೊನೆಗೆ ಚೂಟಿ. ತನಗಿಂತ ಚಿಕ್ಕದೊಂದನ್ನು ಕಂಕುಳಲ್ಲಿ ಎತ್ತಿಕೊಂಡಿದ್ದಳು.

"ಅಕ್ಕ... ಈಗ ತೆಗೀತೀನಿ ಅಂದ್ಯಲ್ಲ..."

ಗುಮ್ಮಿ ಅವಳನ್ನು ಎದೆಗೊತ್ತಿಕೊಂಡು ನೆಲಕ್ಕೆ ಕುಸಿದಳು. ದೊಡ್ಡಕ್ಕ ನೀರಿನ ಕೊಡವನ್ನೇ ತಂದು ಮಕ್ಕಳ ತಲೆಗೆ ಸುರಿದಳು.

ಸಾಹೇಬರು ಎದ್ದು ನಿಂತಿದ್ದರು. ಮಕ್ಕಳನ್ನು ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ಧಣಿಯ ಕಡೆ ತಿರುಗಿದರು. ಧಣಿ ಒಂದು ಹೆಜ್ಜೆ ಹಿಂದೆ ಸರಿದರು.

"ಗೇಟಿಗೆ ಹಾಕಿದ್ದು ತಪ್ಪು ಗುರುತಲ್ಲ ಬಿಡಿ," ಎಂದರು ಸಾಹೇಬರು. "ಹಾಕಿದ್ದು ಕಡಿಮೆ ಆಯ್ತು."

*

ಗದ್ದಲದ ನಡುವೆ ಅವಳು ಅವನನ್ನು ಹುಡುಕಿದಳು. ಅವನು ನಲ್ಲಿಯ ಹತ್ತಿರ ಅಂಗೈ ನೀರಿಗೆ ಹಿಡಿದು ಕೂತಿದ್ದ. ಅವಳು ಒಗೆದ ದಿಂಬಿನ ಚೀಲವೊಂದನ್ನು ಉದ್ದಕ್ಕೆ ಹರಿದು, ಒದ್ದೆ ಮಾಡಿ ಅವನ ಕೈಗೆ ಸುತ್ತತೊಡಗಿದಳು. ಅಪರಿಚಿತ ಗಂಡಸಿನ ಕೈ ಹಿಡಿದಿದ್ದೇನೆ ಎನ್ನುವುದು ಸುತ್ತಿ ಮುಗಿದ ಮೇಲೆ ಹೊಳೆಯಿತು.

"ಸುತ್ತು ಹಾಕಿದ್ದು ನಾನು," ಎಂದಳು.

"ಗೊತ್ತು. ಬೆರಳು ನೋಡಿದ್ದೆ."

"ಮತ್ತೆ ಯಾಕೆ ಸುಳ್ಳು ಹೇಳಿದ್ರಿ?"

"ನನ್ನನ್ನ ಕಳಿಸಿದರೆ ಒಂದು ಊರು ಹೋಗುತ್ತೆ. ನಿಮ್ಮ ಕೆಲಸ ಹೋದರೆ ಮನೆ."

ಅವಳಿಗೆ ಕಣ್ಣು ತುಂಬಿ ಬಂತು. ಆದರೂ ಸಂಶಯ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

"ಸೂರು ಯಾಕೆ ನೋಡ್ತಿದ್ರಿ, ಮನೆ ಮನೇದೂ?"

"ಯಾವುದು ಸೋರುತ್ತೆ ಅಂತ. ಸೋರೋ ಮನೆ ಮಕ್ಕಳು ಪುಸ್ತಕ ಶಾಲೇಲೇ ಇಡಬೇಕಲ್ಲ."

"ಚೂಟಿನ ಹಾಸ್ಟೆಲಿಗೆ ಕಳಿಸಲ್ವಾ?"

"ಯಾವ ಹಾಸ್ಟೆಲು? ಸಂಜೆ ಹೊತ್ತಿಗೆ ನಿಮ್ಮ ಬೆಕ್ಕು ನಿಮ್ಮ ಮನೇಲಿರುತ್ತೆ."

ಅವಳು ಮುಖ ತಿರುಗಿಸಿದಳು. ತುಟಿಯಂಚು ಮಾತ್ರ ಅವಳ ಮಾತು ಕೇಳಲಿಲ್ಲ.

"ಆ ನರಿ..." ಎಂದಳು, ಇನ್ನೂ ಅತ್ತ ತಿರುಗಿಯೇ. "ಹೊರಗೆ ಬಂತಾ?"

"ಒಳಗೆ ಬಂದು ಕೂತರೆ ಹೇಳ್ತೀನಿ."

*

ಅದಾದ ಮೇಲೆ ಧಣಿ ಗುಮ್ಮಿಯನ್ನು ಕೆಲಸದಿಂದ ತೆಗೆಯುವ ಮಾತಾಡಿದರು. ದೊಡ್ಡಕ್ಕ ಹಂಡೆಯ ಕೋಲು ನೆಲಕ್ಕೆ ಕುಟ್ಟಿದಳು.

"ತೆಗೀರಿ. ನಾಳೆಯಿಂದ ಆಸ್ಪತ್ರೆ ಹಾಸು ನೀವೇ ಒಗೀರಿ, ನಾವು ಕಟ್ಟೆ ಮೇಲೆ ಕೂತು ಚಹಾ ಕುಡೀತೀವಿ."

ಮಾತು ಅಲ್ಲಿಗೇ ನಿಂತಿತು.

ಬೆಳಗ್ಗೆ ಗುಮ್ಮಿ ಚೂಟಿಯ ಕೈ ಹಿಡಿದು ತಗಡಿನ ಶಾಲೆಗೆ ನಡೆದಳು. ಬಾಗಿಲಲ್ಲಿ ಅವಳ ಕಾಲು ತಡೆಯಿತು. "ವಿಳಾಸ ಎಲ್ಲಿ?" ಎಂಬ ಹಳೆಯ ಸ್ವರ ಎಲ್ಲಿಂದಲೋ ಕೇಳಿದಂತಾಯಿತು. ಮೇಷ್ಟ್ರು ಏನೂ ಕೇಳಲಿಲ್ಲ. ಚೂಟಿಗೆ ಮುಂದಿನ ಬೆಂಚು ತೋರಿಸಿದ. ಅವರ ಹಿಂದೆ ದೊಡ್ಡಕ್ಕ ಮೊಮ್ಮಕ್ಕಳನ್ನು ಕುರಿಮಂದೆಯಂತೆ ಅಟ್ಟಿಕೊಂಡು ಬಂದಳು. ಅವಳನ್ನು ನೋಡಿ ಇಡೀ ಬೀದಿ ಬಂತು.

ಅವನ ಬಲಗೈಗೆ ಪಟ್ಟಿ. ಬೋರ್ಡಿನ ಮೇಲೆ ಬರೆಯಲಾಗದು.

"ನಾನು ಹೇಳ್ತೀನಿ, ನೀವು ಬರೀತೀರಾ?" ಎಂದ.

"ನಾನಾ? ನಾಲ್ಕನೇ ಕ್ಲಾಸಿಗೇ ಬಿಟ್ಟವಳು!"

"ಇವತ್ತಿನ ಪಾಠ ಒಂದನೇ ಕ್ಲಾಸಿಂದು."

ಮಕ್ಕಳೆಲ್ಲ ನಕ್ಕರು. ಅವಳು ಮೊದಲ ಅಕ್ಷರ ಬರೆದಳು. ಸೊಟ್ಟಗಾಯಿತು. ಅಳಿಸಿ ಮತ್ತೆ ಬರೆದಳು. ಬೆನ್ನ ಹಿಂದೆ ಬೀದಿಯ ಮಕ್ಕಳೆಲ್ಲ ಅದನ್ನು ಕೂಗಿ ಓದಿದರು. ಆ ಕೂಗಿಗೆ ಅವಳ ಮೈ ಜುಮ್ಮೆಂದಿತು. ಅಂದಿನಿಂದ ಲಾಂಡ್ರಿಗೆ ಹೋಗುವ ಮೊದಲು ದಿನವೂ ಬಂದು ಬರೆದುಕೊಟ್ಟು ಹೋಗತೊಡಗಿದಳು. ಪಟ್ಟಿ ಬಿಚ್ಚಿದ ಮೇಲೂ ಅವನು ಸೀಮೆಸುಣ್ಣ ವಾಪಸು ಕೇಳಲಿಲ್ಲ, ಅವಳು ಕೊಡಲೂ ಇಲ್ಲ.

*

ಒಂದು ಸಂಜೆ ಅವನು ಅವರ ಬಾಗಿಲಿಗೆ ಬಂದ. ಬೀದಿಯಲ್ಲಿ ಕರೆಂಟು ಹೋಗಿತ್ತು. ಒಳಗೆ ಚೂಟಿ ದೀಪದ ಮುಂದೆ ಕವುಚಿ ಮಲಗಿ ಓದುತ್ತಿದ್ದಳು. ಅಮ್ಮ ಮೂಲೆಯಲ್ಲಿ ಕಿವಿಗೊಟ್ಟು ಕೂತಿದ್ದಳು.

"ಸಾಹೇಬರು ಬಂದಿದ್ರು," ಎಂದ ಅವನು. "ಶಾಲೆ ಮುಚ್ಚಲ್ವಂತೆ. ನಾನೂ ಹೋಗಲ್ಲ."

ಅವಳ ಎದೆ ಹಗುರಾಯಿತು. ತೋರಗೊಡಲಿಲ್ಲ.

"ಎಷ್ಟು ದಿನ?"

"ನೀವು ಸಾಕು ಅನ್ನೋವರೆಗೂ."

"ಹಾಗೆ ಹೇಳೋರನ್ನ ನಾನು ನಂಬಲ್ಲ."

"ನಂಬಬೇಡಿ. ನೋಡ್ತಾ ಇರಿ. ಕಣ್ಣಿಡೋದ್ರಲ್ಲಿ ನಿಮ್ಮನ್ನ ಮೀರಿಸೋರು ಯಾರಿದಾರೆ?" ಅವನು ತಡವರಿಸಿದ. "ಜೀವನ ಪೂರ್ತಿ ಬೇಕಾದರೂ ನೋಡಿ. ಅದನ್ನೇ... ಅದನ್ನೇ ಕೇಳೋಣ ಅಂತ ಬಂದೆ."

ಒಳಗೆ ಮೂಲೆಯಲ್ಲಿ ಅಮ್ಮನ ಕೆಮ್ಮು ನಿಂತಿತು.

"ತಡೀರಿ. ಮುಖ ಕಾಣ್ತಿಲ್ಲ," ಎಂದಳು.

ಒಳಗೆ ಹೋಗಿ ಇದ್ದೊಂದು ದೀಪ ಎತ್ತಿಕೊಂಡು ಬಂದಳು. ಅವನ ಮುಖದ ಹತ್ತಿರ ಹಿಡಿದಳು. ಹಾಸಿನ ಮೇಲೆ ಕಲೆ ಹುಡುಕುವವಳ ಹಾಗೆ ಹಣೆ, ಹುಬ್ಬು, ಕಣ್ಣು, ಒಂದೊಂದನ್ನೂ ನೋಡಿದಳು.

"ಈಗ ಹೇಳಿ. ಕಣ್ಣು ಮಿಟುಕಿಸಬಾರದು."

"ನಿಮ್ಮನ್ನ ಮದುವೆ ಆಗಬೇಕು ಅಂತಿದೀನಿ."

"ಇನ್ನೊಂದ್ಸಲ."

"ಮದುವೆ ಆಗ್ತೀರಾ?"

ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ. ಅವನ ಕಣ್ಣಲ್ಲಿ ಎರಡು ಪುಟ್ಟ ದೀಪಗಳು, ಅಷ್ಟೇ.

"ಹೂಂ," ಎಂದಳು.

"ಏನಂದ್ರಿ? ಕೇಳಿಸ್ಲಿಲ್ಲ."

"ಲಾಂಡ್ರೀಲಿ ಕೂಗಿದ್ದು ಕೇಳಿಸಿತ್ತಲ್ಲ... ಅಷ್ಟೇ ಜೋರಾಗಿ ಅಂದೆ ಅಂದ್ಕೊಳ್ಳಿ."

ಅವನು ನಕ್ಕ. ಈ ಸಲ ಅವಳೂ ನಕ್ಕಳು.

ಒಳಗೆ ಕತ್ತಲಲ್ಲಿ ಪುಸ್ತಕದ ಹಾಳೆ ಪರಪರ ಎಂದಿತು.

"ಅಕ್ಕಾ..."

ಅವಳು ದೀಪ ಹಿಡಿದು ಅಲ್ಲೇ ನಿಂತಿದ್ದಳು. ಅವನೂ ನಿಂತಿದ್ದ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು.

"ಅಕ್ಕಾ! ಯಾರಾದ್ರೂ ದೀಪ ಈ ಕಡೆ ತನ್ರೀ... ಅಕ್ಷರ ಕಾಣ್ತಿಲ್ಲ."

ದೀಪ ಅಲ್ಲಿಂದ ಕದಲಲಿಲ್ಲ.